ಸ್ನಾನದ ಮೇಲೆ ಹಿಡಿದ ಕಸಬರಿಗೆ

ದೇಶಸೇವೆಗೆ ಇಳಿದವರಲ್ಲಿ ಎರಡು ಬಗೆ: ತಾವಾಗಿ ಇಳಿದವರು, ಕಾಲು ಜಾರಿ ಬಿದ್ದವರು. ಶಿಗ್ಗಾಂವಿಯ ವಾದಿರಾಜ ಎರಡನೆಯ ಬಗೆಯವನು. ಆದರೆ ಬಿದ್ದ ಮೇಲೆ ಅಷ್ಟು ಜೋರಾಗಿ ಕೈಕಾಲು ಬಡಿದನಾದ್ದರಿಂದ ದಡದ ಮೇಲೆ ನಿಂತವರಿಗೆ ಈತ ತಾನೇ ಹಾರಿಕೊಂಡನೆಂದು ಕಂಡಿತು.

ಮೂವತ್ತೆಂಟನೆಯ ಇಸವಿಯ ಬೇಸಿಗೆ. ಧಾರವಾಡದ ಕಾಲೇಜೊಂದರಲ್ಲಿ ವಾದಿರಾಜ ಜೂನಿಯರ್ ಬಿ.ಎ. ಮುಗಿಸಿದ್ದ. ಸೂಟಿ ಬಿಡುವ ಹಿಂದಿನ ದಿನ ಇತಿಹಾಸದ ಮುಗಳಖೋಡ ಪ್ರೊಫೆಸರರು ಹುಡುಗರನ್ನೆಲ್ಲ ಸಭಾಗೃಹದಲ್ಲಿ ಕೂಡಿಸಿ ಗ್ರಾಮಸೇವೆಯ ಮೇಲೆ ಮಾತಾಡಿದರು. ಪ್ರೊಫೆಸರರು ಮಾತಾಡಲು ನಿಂತರೆ ಗಡಿಯಾರ ಕೂಡ ಮುಳ್ಳು ಸರಿಸಲು ಸಂಕೋಚಪಡುತ್ತಿತ್ತು. ವಾದಿರಾಜ ಅವತ್ತು ಖಾನಾವಳಿಯಲ್ಲಿ ಮಜ್ಜಿಗೆ ಚೆನ್ನಾಗಿದೆಯೆಂದು ಮೂರು ಲೋಟ ಕುಡಿದು ಬಂದಿದ್ದ. ಮೊದಲನೆಯ ಲೋಟ ಗ್ರೀಸ್ ದೇಶದ ನಗರಗಳ ಮಾತು ಬಂದಾಗಲೇ ತನ್ನ ಇರವನ್ನು ತಿಳಿಸಿತು. ಮೂರನೆಯದು ಎಚ್ಚರಗೊಂಡಾಗ ಪ್ರೊಫೆಸರರು ಮೇಜು ಗುದ್ದಿ, "ತನ್ನ ಊರಿನ ಓಣಿಯನ್ನು ತನ್ನ ಕೈಯಿಂದಲೇ ಗುಡಿಸುವ ಎದೆಗಾರಿಕೆ ನಿಮ್ಮಲ್ಲಿ ಯಾರಿಗಿದೆ?" ಎಂದು ಕೇಳುತ್ತಿದ್ದರು. ಯಾವ ಕೈಯೂ ಏಳಲಿಲ್ಲ. ಆಗ ವಾದಿರಾಜ, ಹೊರಗೆ ಹೋಗಿಬರಲು ಅಪ್ಪಣೆ ಬೇಡಿ, ಕೈ ಎತ್ತಿದ.

ಪ್ರೊಫೆಸರರು ವೇದಿಕೆ ಇಳಿದು ಬಂದು ಅವನನ್ನು ತಬ್ಬಿಕೊಂಡರು. ಆ ಸ್ಥಿತಿಯಲ್ಲಿ ತಬ್ಬಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ವಾದಿರಾಜನಿಗೆ ಮಾತ್ರ ಗೊತ್ತು. ಅವನ ಮುಖದ ಮೇಲೆ ಮೂಡಿದ ಭಾವವನ್ನು ಪ್ರೊಫೆಸರರು ತ್ಯಾಗವೆಂದು ಓದಿಕೊಂಡರು. "ಮಾತು ಬೇಡ, ಉಪದೇಶ ಬೇಡ. ಯಾರು ಏನೇ ಕೇಳಿದರೂ ನಕ್ಕು ಕೆಲಸ ಮುಂದುವರಿಸು. ಈ ಸೂಟಿಯಲ್ಲಿ ಹಿರೇಕೆರೂರ ಕಡೆ ಪ್ರವಾಸವಿದೆ. ಶಿಗ್ಗಾಂವಿಗೂ ಬಂದು ಕಣ್ಣಾರೆ ನೋಡುತ್ತೇನೆ" ಎಂದರು. ವಾದಿರಾಜ ಎಲ್ಲಕ್ಕೂ ತಲೆ ಆಡಿಸಿ ಓಡಿದ.

ಊರಿಗೆ ಬಂದವನು ಇದನ್ನೆಲ್ಲ ಮರೆತುಬಿಡುತ್ತಿದ್ದನೋ ಏನೋ. ನಡುವೆ ಹಾನಗಲ್ಲಿನ ಕನ್ಯೆಯ ಮಾತು ಬಂದಿತು. ಮಾಮಲೇದಾರ ಕಚೇರಿಯಲ್ಲಿ ಕಾರಕೂನರಾಗಿದ್ದ ತಂದೆ ನರಸಿಂಹರಾಯರು, ತಾಯಿ ಗೋಪಿಕಾಬಾಯಿ ಅವನನ್ನು ಕರೆದುಕೊಂಡು ಹಾನಗಲ್ಲಿಗೆ ಹೋಗಿ ವಕೀಲ ಅನಂತರಾಯರ ಮಗಳು ಶಾಮಲಾಳನ್ನು ನೋಡಿ ಬಂದರು. ಹುಡುಗಿ ಅವಲಕ್ಕಿಯ ತಾಟು ಇಟ್ಟು, ಒಂದೇ ಒಂದು ಸಲ ಕಣ್ಣೆತ್ತಿ ನೋಡಿ, ಒಳಗೆ ಹೋದಳು. ಆ ಮೇಲೆ ವಾದಿರಾಜ ಏನು ತಿಂದ, ಯಾರು ಏನು ಕೇಳಿದರು, ಯಾವ ಮೋಟಾರು ಹತ್ತಿದ ಎಂಬುದು ಅವನಿಗೆ ಇಂದಿಗೂ ನೆನಪಿಲ್ಲ. ಹುಡುಗಿ ಇವರೆಲ್ಲರಿಗೂ ಮೆಚ್ಚುಗೆಯಾಗಿದ್ದಳು. ಹುಡುಗ ಅವರಿಗೆ ಮೆಚ್ಚುಗೆಯಾದನೋ ಇಲ್ಲವೋ ತಿಳಿಯಲಿಲ್ಲ. ಅನಂತರಾಯರು, "ವಿಚಾರಣಾ ಮಾಡಿ ತಿಳಸ್ತೇವಿ" ಎಂದರು. ಅವರು ವಿಚಾರಣೆ ಮಾಡದೆ ಬದನೇಕಾಯಿ ಕೂಡ ಕೊಳ್ಳುತ್ತಿರಲಿಲ್ಲ.

ಬುಧವಾರ ಸಂಜೆ ಮೋಟಾರು ಇಳಿದು ಕರೀಮಸಾಬನ ಟಾಂಗಾದಲ್ಲಿ ಮನೆಗೆ ಬಂದರು. ಗುರುವಾರ ಬೆಳಿಗ್ಗೆ ವಾದಿರಾಜ ಎಂದೂ ಏಳದ ಹೊತ್ತಿಗೆ ಎದ್ದ. ಏನಾದರೂ ದೊಡ್ಡದನ್ನು ಮಾಡಬೇಕೆಂದು ಎದೆ ತುಂಬಿ ಬಂದಿತ್ತು. ಕೈಗೆ ಸಿಕ್ಕಿದ್ದು ಓಣಿ. ಪ್ರೊಫೆಸರರೂ ಯಾವಾಗ ಬರುತ್ತಾರೋ! ಕಸಬರಿಗೆ ಹುಡುಕುತ್ತಿರುವಾಗ ಒಳಗಿನಿಂದ ಗೋಪಿಕಾಬಾಯಿ, "ಎದ್ದಿಯಲ್ಲಾ, ನೀರು ಆರ್ತಾವ, ಮೊದ್ಲ ಸ್ನಾನಾ ಮಾಡಿಬಿಡು" ಎಂದರು. ಬಿಸಿನೀರು ಕಾದಿತ್ತು. ವಾದಿರಾಜ ಸ್ನಾನ ಮಾಡಿ, ಪಂಚೆ ಎತ್ತಿ ಕಟ್ಟಿ, ಹೊಸ ಬೂಟು ಹೊಲಸಾದೀತೆಂದು ಬರಿಗಾಲಲ್ಲೇ ಕಸಬರಿಗೆ ಹಿಡಿದು ಓಣಿಗೆ ಇಳಿದ.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ನಮ್ಮ ಕಡೆ ಸ್ನಾನಕ್ಕಿಂತ ಮೊದಲು ಕಸ ಹೊಡೆದರೆ ಅದು ಕೆಲಸ. ಸ್ನಾನದ ಮೇಲೆ ಹೊಡೆದರೆ ಅದು ಹರಕೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಉಸಿರಾಡುವುದನ್ನು ಕಲಿಸಿದ್ದಾರೆಯೆ? ಗ್ರೀಸ್ ದೇಶದ ನಗರಗಳನ್ನೆಲ್ಲ ಕಲಿತ ವಾದಿರಾಜನಿಗೆ ಇದು ಹೊಳೆಯಲಿಲ್ಲ.

ಓಣಿಯ ಈ ತುದಿಗೆ ರಾಯರ ಮಠ, ಆ ತುದಿಗೆ ಬಾಬಾನ ದರ್ಗಾ ಇರುವ ಹುಲಗೂರಿಗೆ ಹೋಗುವ ರಸ್ತೆ. ವಾದಿರಾಜ ಮಠದ ಬಾಗಿಲಿನಿಂದಲೇ ಶುರುಮಾಡಿದ. ಎದುರು ಮನೆಯ ಗಂಗಾಬಾಯಿ ಬಾಗಿಲಿಗೆ ನೀರು ಹಾಕಲು ಬಂದವರು ತಂಬಿಗೆ ಕೈಯಲ್ಲೇ ಹಿಡಿದು ನಿಂತರು. ಶಿಗ್ಗಾಂವಿಗೆ ವರ್ತಮಾನ ಪತ್ರಿಕೆ ಒಂದು ದಿನ ತಡವಾಗಿ ಬರುತ್ತಿತ್ತು. ಆದರೆ ಗಂಗಾಬಾಯಿ ಇರುವವರೆಗೆ ಅದರ ಕೊರತೆ ಯಾರಿಗೂ ಆಗಿರಲಿಲ್ಲ.

"ಯಾಕೋ ವಾದೀ, ಇದೇನೋ ನಿಂದು?"

ವಾದಿರಾಜ ನಕ್ಕ.

"ಸ್ನಾನಾ ಆಗೇದೇನು?"

ವಾದಿರಾಜ ತಲೆ ಆಡಿಸಿದ. ಒದ್ದೆ ಕೂದಲಿನಿಂದ ಎರಡು ಹನಿ ಉದುರಿದವು.

"ಕಾಲಾಗ ಏನೂ ಇಲ್ಲ... ಮಾತೂ ಆಡೂದಿಲ್ಲೇನು?"

ವಾದಿರಾಜ ಇನ್ನೊಮ್ಮೆ ನಕ್ಕು ಕಸಬರಿಗೆ ಆಡಿಸಿದ. ಗಂಗಾಬಾಯಿ ತಂಬಿಗೆ ಕೆಳಗಿಟ್ಟು ಕೈ ಮುಗಿದರು, ಹುಡುಗನಿಗಲ್ಲ, ಮಠದ ಕಡೆಗೆ. ಆಮೇಲೆ ನೆಟ್ಟಗೆ ಅಡಿಗೆಮನೆಯ ಕಿಡಕಿಗೆ ಬಂದರು.

"ಗೋಪಕ್ಕಾ, ಎಷ್ಟು ದಿನದ್ದವಾ ಹರಕಿ?"

ಒಳಗೆ ಮಡಿಯಲ್ಲಿದ್ದ ಗೋಪಿಕಾಬಾಯಿ, "ಅವ ನನಗೇನು ಹೇಳ್ತಾನ ಬಿಡು" ಎಂದರು.

"ಹೇಳಬಾರದು. ಹೇಳಿದ್ರ ಫಲಾ ಹೋಗ್ತದ." ಗಂಗಾಬಾಯಿ ದನಿ ಇಳಿಸಿದರು. "ಹೊಟ್ಟಿಶೂಲಿ ಅಲ್ಲೇನು? ನಮ್ಮ ಮಾವಗೂ ಹಿಂಗ ಇತ್ತು. ರಾಯರಿಗೆ ಸೇವಾ ಮಾಡಿದ ಮ್ಯಾಲೇ ಹೋತು."

ಅಷ್ಟರಲ್ಲಿ ವಾದಿರಾಜ ಓಣಿಯ ಆ ತುದಿ ಮುಟ್ಟಿದ್ದ. ಬಿ.ಎ. ಓದಿದ ಸೊಂಟಕ್ಕೆ ಬಗ್ಗುವ ಅಭ್ಯಾಸವಿಲ್ಲ. ಹುಲಗೂರ ರಸ್ತೆಗೆ ಮುಖಮಾಡಿ ಮೊಳಕಾಲ ಮೇಲೆ ಕೈ ಊರಿ, ಬಗ್ಗಿ ನಿಂತು ಏದುಸಿರು ಬಿಟ್ಟ. ಕಟ್ಟೆಯ ಮೇಲೆ ಕೂತಿದ್ದ ಕರೀಮಸಾಬನ ತಾಯಿ ಹಾಜರಾಬಿ ಅದನ್ನು ನೋಡಿದಳು.

"ಕರೀಮಾ, ಲಗೂನ ಬಾರೋ. ಕಾರಕೂನರ ಹುಡುಗ ಹುಲಗೂರ ಬಾಬಾಗ ಸಲಾಮ ಮಾಡಾಕತ್ತಾನ!"

ಕುದುರೆಗೆ ಹುಲ್ಲು ಹಾಕುತ್ತಿದ್ದ ಕರೀಮಸಾಬ ಬಂದು ನೋಡಿ, "ಅವ್ವಾ, ದಮ್ಮು ಹತ್ತಿರಬೇಕು" ಎಂದ.

"ದಮ್ಮು ಹತ್ತೂದಕ್ಕ ಗುರುವಾರ, ಜುಮ್ಮೇರಾತ್ ದಿನಾನ ಬೇಕೇನು? ಮೈ ತೊಳಕೊಂಡು, ಬರಿಗಾಲಲೆ, ಬಾಯಿ ಮುಚಗೊಂಡು? ದರ್ಗಾದಾಗ ಮನ್ನತ್ ಹೊತ್ತವರು ಹಿಂಗ ಅಲ್ಲೇನು ಕಸಾ ಹೊಡ್ಯೂದು! ಪಾಪ, ಹುಡುಗಗ ಗಾಳಿ ಬಡದೈತಿ. ಧಾರವಾಡದಾಗ ಹುಣಸೀಮರ ಭಾಳ."

ಮರುದಿನ ಆಕೆ ದರ್ಗಾದಿಂದ ತರಿಸಿದ ಸಿಹಿ ಪ್ರಸಾದ, ಮಾಲಿದೆಯನ್ನು ಎಲೆಯಲ್ಲಿ ಕಟ್ಟಿ ಅವನ ಕೈಯಲ್ಲಿಟ್ಟಳು. ಬೇಡವೆನ್ನಲು ಮಾತಾಡಬೇಕು, ಮಾತಾಡಿದರೆ ಪ್ರೊಫೆಸರರಿಗೆ ಕೊಟ್ಟ ವಚನ ಹೋಯಿತು. ವಾದಿರಾಜ ನಕ್ಕು ತೆಗೆದುಕೊಂಡ. ಆ ನಗು ಹುಲಗೂರ ಪಕ್ಷದವರಿಗೆ ಸಾಕಾಯಿತು. ಕಿಡಕಿಯಿಂದ ನೋಡಿದ ಗಂಗಾಬಾಯಿ, ಮಠದ ಹುಡುಗನನ್ನು ದರ್ಗಾದವರು ಸೆಳೆದುಕೊಳ್ಳುತ್ತಿದ್ದಾರೆಂದು ಕೆರಳಿ ಅವನ ಇನ್ನೊಂದು ಕೈಯಲ್ಲಿ ಮಂತ್ರಾಕ್ಷತೆ ಇಟ್ಟರು. ಎರಡೂ ಕೈ ತುಂಬಿ, ಕಸಬರಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ವಾದಿರಾಜ ಮನೆಗೆ ಬಂದ.

ಇನ್ನೂ ಎರಡು ದಿನ ಕಳೆಯುವುದರೊಳಗೆ ಓಣಿ ಮೊದಲಿಗಿಂತ ಹೊಲಸಾಯಿತು. ಹರಕೆಯ ಹುಡುಗನಿಗೆ ಗುಡಿಸಲು ಸಾಕಷ್ಟು ಸಿಗಲಿ ಎಂದು ಒಬ್ಬೊಬ್ಬರೂ ಮನೆಯೊಳಗಿನ ಕಸವನ್ನು ಬಾಗಿಲ ಮುಂದೆ ತಂದು ಸುರಿದರು. ಹಿಂದೆ ಕದ್ದು ಎಸೆಯುತ್ತಿದ್ದವರು ಈಗ ಕೈ ಮುಗಿದು ಎಸೆಯತೊಡಗಿದರು. "ನಮ್ಮನಿ ಮುಂದ ಇನ್ನೊಂದೆರಡು ಕೈ ಆಡಿಸಿ ಹೋಗಪಾ, ಮಗಳಿಗೆ ದಿನಾ ತುಂಬ್ಯಾವ" ಎಂದು ಕಿರಾಣಿ ಅಂಗಡಿಯ ಶಿದ್ಲಿಂಗಪ್ಪ ಬೇಡಿಕೊಂಡ. ವಾದಿರಾಜನಿಗೆ ಸೋಜಿಗವೆನಿಸಿದ್ದು ಮತ್ತೊಂದು. ಅವನು ಒಟ್ಟುಮಾಡಿಟ್ಟ ಕಸದ ಗುಂಪು ಅವನು ತಿರುಗಿ ನೋಡುವುದರೊಳಗೆ ಮಾಯವಾಗುತ್ತಿತ್ತು. ಜನ ಎಚ್ಚತ್ತರು, ತಾವಾಗಿಯೇ ಕಸ ಸಾಗಿಸತೊಡಗಿದರು ಎಂದು ಅವನು ಹಿಗ್ಗಿದ. ನಿಜವಾಗಿ ಹೆಂಗಸರು ಆ ಧೂಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ಹಟಮಾರಿ ಮಕ್ಕಳ ಹಣೆಗೆ ಹಚ್ಚುತ್ತಿದ್ದರು.

ಮುನಸಿಪಾಲಿಟಿಯ ಶಂಕ್ರವ್ವ ಅದೇ ಓಣಿಯನ್ನು ಹುಡುಗಿಯಾಗಿದ್ದಾಗಿನಿಂದ ಗುಡಿಸುತ್ತ ಬಂದಿದ್ದಳು. ಅವಳ ಧೂಳನ್ನು ಯಾರೂ ಹಣೆಗೆ ಹಚ್ಚಿಕೊಂಡಿರಲಿಲ್ಲ. ಅವಳು ಸ್ನಾನಕ್ಕಿಂತ ಮೊದಲು ಗುಡಿಸುತ್ತಿದ್ದಳು, ಅದೇ ತಪ್ಪು. ಈಗ ಅವಳು ಮಠದ ಕಟ್ಟೆಯ ಕೆಳಗೆ ಕೂತು ಎಲೆಯಡಿಕೆ ಹಾಕಿಕೊಂಡು, "ಅಪ್ಪಾರ, ಆ ಮೂಲ್ಯಾಗ ಉಳೀತು ನೋಡ್ರಿ" ಎಂದು ಮೇಲ್ವಿಚಾರಣೆ ನಡೆಸುತ್ತಿದ್ದಳು.

ಸುದ್ದಿ ಕಚೇರಿಗೂ ಹೋಯಿತು. ನರಸಿಂಹರಾಯರು ಅಲ್ಲಿ ಅವ್ವಲ ಕಾರಕೂನರು, ಎಂದರೆ ಗುಮಾಸ್ತರಿಗೆಲ್ಲ ಹಿರಿಯರು. ಮಾಮಲೇದಾರರು ಅವರನ್ನು ಒಳಗೆ ಕರೆದು, ಎಂದೂ ಹೇಳದ ಮಾತು ಹೇಳಿದರು: "ಕುಂತ್ರಿ." ನರಸಿಂಹರಾಯರು ಕುರ್ಚಿಯ ಅಂಚಿಗೆ ಕೂತರು.

"ರಾಯರ, ಮಗಗ ಹೆಂಗದ ಈಗ?"

"ಆರಾಮ ಇದ್ದಾನ್ರಿ, ಸಾಹೇಬ್ರ."

"ನನ್ನ ಮುಂದ ಮುಚ್ಚಬ್ಯಾಡ್ರಿ. ಎಂಟು ದಿನಾ ರಜಾ ತೊಗೊಂಡು ಮೀರಜಿಗೆ ಕರಕೊಂಡು ಹೋಗ್ರಿ. ಅಲ್ಲಿ ದೊಡ್ಡ ಡಾಕ್ಟರಿದ್ದಾರ."

ರಜೆ ಕೇಳಿದಾಗಲೆಲ್ಲ ಹುಬ್ಬು ಗಂಟಿಕ್ಕುವ ಮಾಮಲೇದಾರರು ಕೇಳದೆಯೇ ರಜೆ ಕೊಡುವುದೆಂದರೆ ಮಗನಿಗೆ ಇನ್ನು ಹೆಚ್ಚು ದಿನವಿಲ್ಲವೆಂದೇ ಲೆಕ್ಕ. ನರಸಿಂಹರಾಯರು ರುಮಾಲು ಸೊಟ್ಟಗೆ ಸುತ್ತಿಕೊಂಡೇ ಮನೆಗೆ ಓಡಿಬಂದರು. ವಾದಿರಾಜ ಥಾಲಿಪಟ್ಟಿ ತಿನ್ನುತ್ತಿದ್ದ.

"ಏನೋ ಆಗೇದ ನಿನಗ?"

"ಏನೂ ಆಗಿಲ್ಲಪ್ಪಾ. ನಾ ಸಮಾಜಕಾರ್ಯ ಮಾಡ್ಲಿಕ್ಕತ್ತೇನಿ. ಊರಿನ ನೈರ್ಮಲ್ಯ—"

"ಅಂದ್ರ ಹರಕಿ ಅಲ್ಲ?"

"ಹರಕಿ ಗಿರಕಿ ಎಲ್ಲಾ ಮೂಢನಂಬಿಕಿ, ಅಪ್ಪಾ."

ನರಸಿಂಹರಾಯರು ಬಾಗಿಲು ಮುಂದೆ ಮಾಡಿ ಬಂದರು. "ಮೆಲ್ಲಕ ಮಾತಾಡು. ಅವ್ವಲ ಕಾರಕೂನನ ಮಗ ಸುಮ್ಮಸುಮ್ಮನ ಓಣಿ ಕಸಾ ಹೊಡಿತಾನ ಅಂತ ತಿಳಿದ್ರ ನಾ ಕಚೇರಿ ಮೆಟ್ಟಲಾ ಹೆಂಗ ಹತ್ತಲಿ? ಹರಕಿ ಅಂದ್ರ ತಲಿ ಎತ್ತಿ ಹೋಗಬಹುದು. ಬಾಯಿ ಮುಚಗೊಂಡಿದ್ದೀಯಲ್ಲಾ? ಹಂಗ ಇರು."

ಗೋಪಿಕಾಬಾಯಿ ಇನ್ನೊಂದು ಥಾಲಿಪಟ್ಟಿ ಬಡಿಸಿ ಒಳಗೆ ಹೋದರು.

ಶಿಗ್ಗಾಂವಿಯಲ್ಲಿ ಮೋಟಾರು ಹತ್ತುವಾಗ ಹೊಟ್ಟೆಶೂಲೆಯಾಗಿದ್ದ ಸುದ್ದಿ ಬಂಕಾಪುರದಲ್ಲಿ ಮೂರ್ಛೆರೋಗವಾಯಿತು. ಹಾನಗಲ್ಲಿನಲ್ಲಿ ಇಳಿಯುವಾಗ ಹುಡುಗ ಹೋಗಿಯೇಬಿಟ್ಟಿದ್ದ. ಅನಂತರಾಯರು ಮರುಮೋಟಾರಿಗೆ ಹೊರಟು ಬಂದರು. ದಾರಿಯುದ್ದಕ್ಕೂ ನರಸಿಂಹರಾಯರಿಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡಿದ್ದರು. ಪಡಸಾಲೆಯಲ್ಲಿ ಹುಡುಗ ಕಾಫಿ ಕುಡಿಯುತ್ತ ಕೂತಿದ್ದನ್ನು ಕಂಡು ಅವರ ಮುಖದ ಮೇಲೆ ಸಂತೋಷ ಮೂಡಿತು. ಒಳ್ಳೆಯ ಭಾಷಣವೊಂದು ಹಾಳಾದ ಬೇಸರವೂ ತುಸು ಕಂಡಿತು. ಕೊಡೆಯನ್ನು ಮೂಲೆಗೆ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ಕೂತರು. ಕರೀಮಸಾಬ, ತಿರುಗಿ ಸ್ಟ್ಯಾಂಡಿಗೆ ಒಯ್ಯಬೇಕಾದೀತೆಂದು ಟಾಂಗಾ ಬಾಗಿಲಲ್ಲೇ ನಿಲ್ಲಿಸಿದ್ದ.

"ತಮ್ಮಾ, ಹೌದು ಇಲ್ಲಾ ಇಷ್ಟ ಹೇಳ್ರಿ. ಓಣಿ ಕಸಾ ಹೊಡದದ್ದು ಖರೇ?"

"ಹೌದ್ರಿ. ಆದ್ರ—"

"'ಆದ್ರ' ಬ್ಯಾಡ. ಸ್ನಾನದ ಮ್ಯಾಲೆ?"

"ಹೌದ್ರಿ."

"ಬರಿಗಾಲಲೆ?"

"ಹೌದ್ರಿ. ಬೂಟು—"

"ಬೂಟಿನ ವಿಚಾರ ನಾ ಕೇಳಿಲ್ಲ. ಮೌನದಿಂದ?"

"ಹೌದ್ರಿ."

"ಹಂಗಾದ್ರ ಇದು ಹರಕಿ."

"ಅಲ್ರಿ. ಸಮಾಜಕಾರ್ಯರಿ."

ನರಸಿಂಹರಾಯರು ಕೆಮ್ಮಿದರು. ಅನಂತರಾಯರು ಕನ್ನಡಕದ ಮೇಲಿನಿಂದ ನೋಡಿದರು. "ಸ್ನಾನಾ ಮಾಡಿ ಸಮಾಜಕಾರ್ಯಕ್ಕ ಇಳಿದವರನ್ನ ಹಿಂದ ಎಲ್ಲೆರೆ ನೋಡೀರೇನು?"

ವಾದಿರಾಜನಿಗೆ ತಟ್ಟನೆ ಯಾರೂ ನೆನಪಾಗಲಿಲ್ಲ.

ಇಂಥ ಸಮಯದಲ್ಲಿ ಗಂಗಾಬಾಯಿ ಸಕ್ಕರೆ ಕೇಳುವ ನೆವದಿಂದ ಬರದೆ ಇರುವುದುಂಟೆ? "ಹರಕೀನ ಅದ್ರಿ, ವಕೀಲರ. ಹೊಟ್ಟಿಶೂಲಿ. ಏನೂ ಕಾಳಜಿ ಮಾಡಬ್ಯಾಡ್ರಿ, ರಾಯರು ವಾಸಿ ಮಾಡ್ತಾರ. ಮದುವಿ ಆದ ಮ್ಯಾಲೆ ಒಂದೆರಡು ವರ್ಷದಾಗ ಪೂರಾ ಹೋಗ್ತದ."

ಅಂಗಳದಿಂದ ಹಾಜರಾಬಿಯ ದನಿ ಬಂದಿತು: "ಹೊಟ್ಟಿ ಅಲ್ರಿ, ಗಾಳಿ! ಬಾಬಾನ ಕಡೆ ತಿರುಗಿ ಸಲಾಮ ಮಾಡಿದ್ದನ್ನ ನಾ ಈ ಕಣ್ಲೆ ನೋಡೇನಿ. ಹುಲಗೂರ ಬಾಬಾ ಅದನ್ನ ಬಾಟಲ್ಯಾಗ ಹಾಕ್ತಾರ."

"ಹಾಜರಾಬೀ, ಮಠದ ಬಾಗಲಿಂದ ಶುರು ಮಾಡ್ಯಾನ ಅವ!"

"ಶುರು ಎಲ್ಲಿಂದರೆ ಮಾಡ್ಲಿ ಗಂಗಕ್ಕಾ, ಮುಗಿಸಿದ್ದೆಲ್ಲಿ?"

ವಾದಿರಾಜನ ಒಳಗೆ ಶೂಲೆಯಿದೆಯೋ ದೆವ್ವವಿದೆಯೋ ಎಂದು ಇಬ್ಬರು ಹೆಂಗಸರು ವಾದಿಸುತ್ತಿರುವಾಗ ಅನಂತರಾಯರು ಮೆಲ್ಲನೆ ಎದ್ದು ಕೊಡೆ ಕೈಗೆ ತೆಗೆದುಕೊಂಡರು. ವಾದಿರಾಜನ ಕಣ್ಣಿಗೆ ಅದು ಕೊಡೆಯಾಗಿ ಕಾಣಲಿಲ್ಲ. ಶಾಮಲಾಳೇ ಮೂಲೆಯಿಂದ ಎದ್ದು ಹೊರಟಂತೆ ಕಂಡಿತು.

"ನರಸಿಂಹರಾಯರ, ಹುಡುಗ ಆರಾಮಾಗಲಿ. ಮುಂದ ನೋಡೂಣು" ಎಂದರು. 'ಮುಂದ ನೋಡೂಣು' ಎಂದರೆ ಹಿಂದಕ್ಕೆ ತಿರುಗಿ ನೋಡುವುದಿಲ್ಲ ಎಂದರ್ಥ.

ಬಾಗಿಲಲ್ಲಿ ಕರೀಮಸಾಬ ಚಾಬೂಕು ಕಂಕುಳಲ್ಲಿಟ್ಟು ಕೈ ಜೋಡಿಸಿದ. "ವಕೀಲ ಸಾಹೇಬ್ರ, ಸಣ್ಣ ಬಾಯಿಲೆ ದೊಡ್ಡ ಮಾತು ಅನಬ್ಯಾಡ್ರಿ. ಬುಧವಾರ ಸಂಜೀಕ ಇವರು ನಿಮ್ಮೂರಿಂದ ಬಂದಾಗ ನಾನ ಮನೀಗೆ ಕರಕೊಂಡು ಬಂದೇನಿ. ಈ ಹುಡುಗ ನನ್ನ ಬಾಜೂಕ ಕುಂತು ಕುದರಿ ಬಾಲಾ ನೋಡಕೋಂತ ತನಗ ತಾನ ನಗಾಕತ್ತಿತ್ತು. ಕುದರಿ ಬಾಲದಾಗ ನಗುವಂಥಾದ್ದು ಏನೈತ್ರಿ? ಹತ್ತು ವರ್ಷದಿಂದ ನೋಡಾಕತ್ತೇನಿ, ನನಗ ಒಂದಿನಾ ನಗಿ ಬಂದಿಲ್ಲ. ಮರದಿನಾ ಮುಂಜಾನೆ ಕೈಯಾಗ ಕಸಬರಿಗಿ! ಈ ವಯಸ್ಸಿನ್ಯಾಗ ಹುಡುಗ್ರು ಹೊಟ್ಟಿನೋವಿಗೆ ಹರಕಿ ಹೊರ್ತಾರೇನ್ರಿ?"

ಎಲ್ಲರೂ ವಾದಿರಾಜನನ್ನು ನೋಡಿದರು, ಆಮೇಲೆ ವಕೀಲರನ್ನು. ಅನಂತರಾಯರ ಮುಖ ಮೊದಲು ಕೆಂಪಾಗಿ, ಆಮೇಲೆ ಅಗಲವಾಯಿತು. ಕೊಡೆ ತಿರುಗಿ ಮೂಲೆಗೆ ಹೋಯಿತು.

"ತಮ್ಮಾ, ಖರೇ ಹೇಳ್ರಿ. ಹರಕಿ ನಮ್ಮ ಶಾಮಲಾನ ಸಲುವಾಗೇನು?"

ಒಂದು ಕಡೆ ಮುಗಳಖೋಡ ಪ್ರೊಫೆಸರರು, ನಾಗರಿಕತೆ, ಗ್ರೀಸ್ ದೇಶ. ಇನ್ನೊಂದು ಕಡೆ ಅವಲಕ್ಕಿಯ ತಾಟಿನ ಮೇಲಿನಿಂದ ಎತ್ತಿ ನೋಡಿದ ಎರಡು ಕಣ್ಣು. ವಾದಿರಾಜ ತಲೆ ತಗ್ಗಿಸಿ ಹೌದೆಂದ. ಇಡಿಯ ವಿಚಾರಣೆಯಲ್ಲಿ ಅವನು ಹೇಳಿದ ಸುಳ್ಳು ಅದೊಂದೇ. ವಕೀಲರು ನಂಬಿದ್ದೂ ಅದೊಂದನ್ನೇ.

ಸಕ್ಕರೆ ಹಂಚಿ ಮದುವೆ ನಿಶ್ಚಯಿಸುವ ಸಾಖರಪುಡಾದ ದಿನ ಗೊತ್ತಾಯಿತು. ಅದರೊಂದಿಗೆ ಊರಿನಲ್ಲಿ ಇನ್ನೊಂದು ಸಂಗತಿಯೂ ಗೊತ್ತಾಯಿತು: ನಾಲ್ಕೈದು ದಿನ ಕಸ ಹೊಡೆದರೆ ವಕೀಲರ ಮಗಳು ಸಿಗುತ್ತಾಳೆ. ಶಿಗ್ಗಾಂವಿಯಲ್ಲಿ ಮದುವೆಯಾಗದ ಗಂಡುಮಕ್ಕಳಿಗೆ ಬರವಿರಲಿಲ್ಲ. ಶಿದ್ಲಿಂಗಪ್ಪ ತನ್ನ ಇಬ್ಬರು ಗಂಡುಮಕ್ಕಳನ್ನೂ ಕೋಳಿ ಕೂಗುವ ಹೊತ್ತಿಗೆ ಬಾವಿಯ ಕಟ್ಟೆಗೆ ದೂಡಿ, ತಲೆಯ ಮೇಲೆ ತಣ್ಣೀರು ಸುರಿದು, ಕೈಯಲ್ಲಿ ಕಸಬರಿಗೆ ಕೊಟ್ಟ. ಕರೀಮಸಾಬನ ನೆರೆಮನೆಯ ಹುಸೇನಸಾಬ, ತವರಿಗೆ ಹೋದ ಹೆಂಡತಿ ತಿರುಗಿ ಬರಲೆಂದು, ಹುಲಗೂರ ರಸ್ತೆಯ ಕಡೆಯಿಂದ ಗುಡಿಸುತ್ತ ಬಂದ. ಮಠದ ಪಕ್ಷದವರು ಈ ತುದಿಯಿಂದ, ದರ್ಗಾದ ಪಕ್ಷದವರು ಆ ತುದಿಯಿಂದ. ನಡುವೆ ಶಿದ್ಲಿಂಗಪ್ಪನ ಅಂಗಡಿಯ ಮುಂದೆ ಎರಡು ದಂಡೂ ಎದುರಾಗಿ, ಅಲ್ಲಿನ ಒಂದು ಮೊಳ ನೆಲ ಯಾರ ಪಾಲಿಗೆಂದು ಕಣ್ಣಿನಲ್ಲೇ ಜಗಳಾಡುತ್ತಿದ್ದವು. ಬಾಯಿ ತೆರೆಯುವಂತಿರಲಿಲ್ಲವಲ್ಲ! ಕೆಲವು ಜಾಣರು ಎರಡೂ ಕಡೆಯಿಂದ ಗುಡಿಸಿದರು. ಓಣಿ ಸಾಲದೆ ಪೇಟೆಗೆ ಹೋದರು, ಪೇಟೆ ಸಾಲದೆ ಕಚೇರಿಯ ಅಂಗಳಕ್ಕೆ ನುಗ್ಗಿದರು. ಶಿಗ್ಗಾಂವಿಯಲ್ಲಿ ಕಸ ಸಿಗದಂತಾಯಿತು.

ಇಂಥ ಒಂದು ಬೆಳಿಗ್ಗೆ, ಸಾಖರಪುಡಾದ ದಿನವೇ, ಮುಗಳಖೋಡ ಪ್ರೊಫೆಸರರು ಹಿರೇಕೆರೂರ ಕಡೆಯ ಪ್ರವಾಸದಲ್ಲಿ ಹಂಸಭಾವಿ ಮುಗಿಸಿಕೊಂಡು ಬಂದು ಮೋಟಾರು ಇಳಿದರು. ಅವರ ಕಣ್ಣಿಗೆ ಬಿದ್ದದ್ದು ಏನೆಂದರೆ: ಸೂರ್ಯ ಮೂಡುವ ಹೊತ್ತು. ಮೂವತ್ತು ತರುಣರು, ಹಿಂದೂಗಳು ಮುಸಲ್ಮಾನರು ಕೂಡಿ, ಒದ್ದೆ ತಲೆಯಲ್ಲಿ, ಬರಿಗಾಲಲ್ಲಿ, ಒಂದು ಮಾತಿಲ್ಲದೆ ರಸ್ತೆ ಗುಡಿಸುತ್ತಿದ್ದಾರೆ. ಏನು ಕೇಳಿದರೂ ನಗುತ್ತಾರೆ. ಪ್ರೊಫೆಸರರು ಚೀಲವನ್ನು ಧೂಳಿಲ್ಲದ ರಸ್ತೆಯ ಮೇಲಿಟ್ಟು ಕಣ್ಣೊರೆಸಿಕೊಂಡರು.

ಸಂಜೆ ಮಠದ ಮುಂದೆ ಸಭೆ. ಮಾಮಲೇದಾರರು ಅಧ್ಯಕ್ಷರು. ಹಾನಗಲ್ಲಿನವರು ಆಗಲೇ ಬಂದಿದ್ದರಿಂದ ಅವರಿಗೂ ಮುಂದಿನ ಸಾಲು. ಸಭೆ ಮುಗಿದೊಡನೆ ಸಕ್ಕರೆ ಹಂಚುವುದೆಂದು ತಾಟು ತುಂಬಿಟ್ಟಿದ್ದರು. ಹೆಂಗಸರು ಮಠದ ಪಡಸಾಲೆಯ ಕಂಬಗಳ ಹಿಂದೆ. ಅವರಲ್ಲಿ ಶಾಮಲಾ. ವಾದಿರಾಜ ಮೂರನೆಯ ಕಂಬವನ್ನು ನೋಡುತ್ತ ಕೂತಿದ್ದರಿಂದ ಭಾಷಣ ಶುರುವಾದದ್ದು ಅವನಿಗೆ ಗೊತ್ತಾಗಲಿಲ್ಲ.

"ಈ ತರುಣರಲ್ಲಿ ಒಬ್ಬನಾದರೂ," ಪ್ರೊಫೆಸರರು ಕೈ ಎತ್ತಿದರು, "ಹಣಕ್ಕಾಗಿ, ಹೆಸರಿಗಾಗಿ, ಹೆಣ್ಣಿಗಾಗಿ, ದೇವರಿಗಾಗಿ ಕಸಬರಿಗೆ ಹಿಡಿದವನಲ್ಲ!"

ಮೂವತ್ತು ತರುಣರು ಒಟ್ಟಿಗೆ ನೆಲ ನೋಡಿದರು.

"ಇದಕ್ಕೆಲ್ಲ ಮೂಲ ನನ್ನ ಶಿಷ್ಯ ವಾದಿರಾಜ. ಸೂಟಿಗೆ ಮೊದಲೇ, ಇಡೀ ಕಾಲೇಜಿನ ಮುಂದೆ, ಓಣಿ ಗುಡಿಸುತ್ತೇನೆಂದು ಕೈ ಎತ್ತಿ ನನಗೆ ಮಾತು ಕೊಟ್ಟವನು!"

ಚಪ್ಪಾಳೆಯ ನಡುವೆ ಅನಂತರಾಯರು ಎದ್ದು ನಿಂತರು. "ಅಧ್ಯಕ್ಷರ, ಸಾಕ್ಷೀದಾರರಿಗೆ ಒಂದ ಪ್ರಶ್ನಾ."

ಮಾಮಲೇದಾರರು ರೂಢಿಯಂತೆ, "ಕೇಳ್ರಿ" ಎಂದುಬಿಟ್ಟರು.

"ಸೂಟಿಗೆ ಮೊದಲು ಅಂದ್ರ, ನನ್ನ ಮಗಳನ್ನ ನೋಡೂಕಿಂತ ಮೊದಲು?"

"ಯಾವ ಮಗಳು?" ಎಂದರು ಪ್ರೊಫೆಸರರು.

"ಅಂದ್ರ ಹರಕಿ ನನ್ನ ಮಗಳ ಸಲುವಾಗಿ ಅಲ್ಲ."

"ಹರಕೆ? ಏನು ಹರಕೆ?" ಪ್ರೊಫೆಸರರು ಹತ್ತಿರ ಕೂತಿದ್ದ ಶಿದ್ಲಿಂಗಪ್ಪನ ಹಿರಿಯ ಮಗನತ್ತ ತಿರುಗಿದರು. "ನೀನು ಏತಕ್ಕೆ ಗುಡಿಸಿದೆಯಪ್ಪ? ದೇಶಕ್ಕಾಗಿ ಅಲ್ಲವೆ?"

ಹುಡುಗ ಎದ್ದು ನಿಂತ. "ನಂದು ಹೆಣ್ಣಿನ ಸಲುವಾಗ್ರಿ, ಸರ್. ನನ್ನ ತಮ್ಮಂದು ಮ್ಯಾಟ್ರಿಕ್."

ಪ್ರೊಫೆಸರರು ಮೆಲ್ಲನೆ ಕುರ್ಚಿಯ ಮೇಲೆ ಕೂತರು. ಅನಂತರಾಯರು ಕೂರಲಿಲ್ಲ. "ಸಕ್ಕರಿ ತಾಟು ಒಳಗಿಡ್ರಿ. ಸುಳ್ಳು ಸಾಕ್ಷಿ ಮ್ಯಾಲೆ ಆದ ತೀರ್ಪು ನಿಲ್ಲೂದಿಲ್ಲ."

ವಾದಿರಾಜ ಎದ್ದ. ಹರಕೆ ಹೌದೆಂದರೆ ಗುರು ಹೋದರು, ಅಲ್ಲವೆಂದರೆ ಮಾವ ಹೋದರು. ನಿಜ ಹೇಳಿದರೆ ಇಬ್ಬರೂ ಹೋಗುವುದು ಖಾತ್ರಿ. ಆದರೂ ಗಾಬರಿಯಲ್ಲಿ ಬಾಯಿಗೆ ಬಂದದ್ದು ನಿಜವೇ. "ಖರೇ ಹೇಳಬೇಕಂದ್ರ ಸರ್, ಆವತ್ತ ನಾ ಮೂರು ಲೋಟಾ ಮಜ್ಜಿಗಿ—"

"ಹುಡುಗನ್ನ ಯಾಕ ಕಾಡ್ತೀರಿ?" ಕಂಬಗಳ ಹಿಂದಿನಿಂದ ಗೋಪಿಕಾಬಾಯಿ ಮುಂದೆ ಬಂದರು. "ಹರಕಿ ಅವಂದಲ್ಲ. ನಂದು."

ಆಕೆ ಸಭೆಯಲ್ಲಿ ಮಾತಾಡಿದ್ದನ್ನು ನರಸಿಂಹರಾಯರು ಕೂಡ ಕೇಳಿರಲಿಲ್ಲ. ಮನೆಯಲ್ಲಿ ಕೇಳಿದ್ದೂ ಕಡಿಮೆ.

"ಎದರ ಸಲುವಾಗಿ, ವೈನಿ?" ವಕೀಲರ ದನಿ ತಗ್ಗಿತು.

"ಇವ ಹುಟ್ಟಿದಾಗಿಂದ ತಾ ಉಂಡ ಎಲಿ ತಾ ಎತ್ತಿದವಲ್ಲ, ತಾ ಹಾಸಿದ ಹಾಸಿಗಿ ತಾ ಸುತ್ತಿದವಲ್ಲ. ಇವರಪ್ಪನೂ ಹಂಗ." ನರಸಿಂಹರಾಯರು ರುಮಾಲು ಸರಿಮಾಡಿಕೊಂಡರು. "ಯಾರೂ ಹೇಳದ, ತಾನಾಗಿ, ಒಂದ ದಿನಾನರೆ ಕಸಬರಿಗಿ ಹಿಡೀಲಿ ಅಂತ ರಾಯರಿಗೆ ಬೇಡಿಕೊಂಡಿದ್ದೆ. ಭಾಳ ವರ್ಷ ಆತು, ರಾಯರು ಕೇಳಲಿಲ್ಲ. ಕಡೀಕೆ ಹಾಜರಾಬೀ ಕೈಲೆ ಹುಲಗೂರಿಗೂ ಸಕ್ಕರಿ ಕಳಿಸಿದೆ. ಇಬ್ಬರೊಳಗ ಯಾರು ಇವನ್ನ ಎಬ್ಬಿಸಿದ್ರೋ ಅವರಿಗೇ ಗೊತ್ತು."

ಈ ಮಾತು ಎಷ್ಟು ಖರೆ, ಆ ಕಂಬದಿಂದ ಈ ಕಂಬಕ್ಕೆ ಬರುವುದರಲ್ಲಿ ಎಷ್ಟು ಹುಟ್ಟಿಕೊಂಡಿತು, ಯಾರೂ ಹೇಳಲಾರರು. ಹಾಜರಾಬಿ ಮಾತ್ರ ತುಸುವೂ ತಡಮಾಡದೆ, "ಹೌದ್ರಿ, ನಾನ ಒಯ್ದು ಕೊಟ್ಟೇನಿ. ಒಳ್ಳೇ ಸಕ್ಕರಿ!" ಎಂದಳು. ಗಂಗಾಬಾಯಿ, ಆಯುಷ್ಯದಲ್ಲಿ ಮೊದಲನೆಯ ಸಲ, ಹಾಜರಾಬಿಯ ಮಾತಿಗೆ ತಲೆ ಆಡಿಸಿದರು.

"ಅದಾತು, ವೈನಿ," ಅನಂತರಾಯರು ಗಂಟಲು ಸರಿಮಾಡಿಕೊಂಡರು, "ಆದ್ರ ನಮ್ಮ ಹುಡುಗೀ ಮಾತು?"

"ಅದನ್ನ ಹುಡುಗೀನ್ನ ಕೇಳ್ರಿ."

ಇಡಿಯ ಪ್ರಕರಣದಲ್ಲಿ ಹೊಟ್ಟೆಶೂಲೆಯಿಂದ ಹಿಡಿದು ಕುದುರೆಯ ಬಾಲದವರೆಗೆ ಎಲ್ಲದರ ವಿಚಾರಣೆ ಆಗಿತ್ತು. ಶಾಮಲಾಳನ್ನು ಕೇಳಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ, ವರನಿಗೂ ಹೊಳೆದಿರಲಿಲ್ಲ. ಈಗ ಎಲ್ಲರೂ ಮೂರನೆಯ ಕಂಬದತ್ತ ತಿರುಗಿದರು. ಅದರ ಹಿಂದಿನಿಂದ ದನಿ ಬಂದಿತು, ತಂದೆಯನ್ನು ಉದ್ದೇಶಿಸಿ ಅಲ್ಲ.

"ಅತ್ತೀ, ನಿಮ್ಮ ಹರಕಿ ಹೊಸ್ತಲದ ಹೊರಗಿನ ಕಸಾಕ್ಕಷ್ಟನೋ, ಒಳಗಿಂದಕ್ಕೂ ಹತ್ತತದೋ?"

"ಹೊರಗಿಂದಷ್ಟ ನಾ ಬೇಡಿದ್ದೆವಾ," ಎಂದರು ಗೋಪಿಕಾಬಾಯಿ. "ಒಳಗಿಂದು ಹೊಸದಾಗಿ ನೀ ಹೊರಬೇಕು."

'ಅತ್ತಿ' ಎಂದ ಮೇಲೆ ಇನ್ನು ವಾದಕ್ಕೆ ಜಾಗವಿಲ್ಲವೆಂದು ವಕೀಲರು ಎಲ್ಲರಿಗಿಂತ ಮೊದಲು ಅರಿತುಕೊಂಡರು. ಸಕ್ಕರೆಯ ತಾಟು ಹೊರಗೆ ಬಂದಿತು. ಪ್ರೊಫೆಸರರಿಗೂ ಒಂದು ಹಿಡಿ ಕೊಟ್ಟರು. ಅವರು ಬಹಳ ಹೊತ್ತು ಅದನ್ನು ಕೈಯಲ್ಲೇ ಹಿಡಿದು ಕೂತಿದ್ದು, ಆಮೇಲೆ ತಿಂದರು.

ಜ್ಯೇಷ್ಠದಲ್ಲಿ ಮದುವೆಯಾಯಿತು. ಒಳಗಿನ ಹರಕೆಯನ್ನು ಯಾವ ದೇವರಿಗೆ ಹೊತ್ತಳೆಂದು ಶಾಮಲಾ ಯಾರಿಗೂ ಹೇಳಲಿಲ್ಲ. ಗುರುವಾರ ತಪ್ಪದೆ ಮಠಕ್ಕೆ ಹೋಗಿ, ಬರುವಾಗ ಹಾಜರಾಬಿಯ ಕಟ್ಟೆಯ ಮೇಲೂ ಸ್ವಲ್ಪ ಹೊತ್ತು ಕೂತು, ಮನೆಗೆ ಬಂದು ಹೊಸ್ತಿಲ ಮೇಲೆ ನಿಂತು ಒಳಗೆ ಇಣುಕಿ ನೋಡುತ್ತಿದ್ದಳಂತೆ. ವಾದಿರಾಜ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಗ್ರಾಮೋದ್ಧಾರದ ಮೇಲೆ ಹೊಸದಾಗಿ ಬಂದ ಪುಸ್ತಕ ಓದುತ್ತಿರುತ್ತಿದ್ದ. ಶಾಮಲಾ ಬಂದದ್ದು ಗೊತ್ತಾಗಿ, ಅವಳು ಗುಡಿಸಲು ಅನುಕೂಲವಾಗಲೆಂದು, ಪುಟದಿಂದ ಕಣ್ಣೆತ್ತದೆ ಎರಡೂ ಕಾಲು ಮೇಲೆತ್ತುತ್ತಿದ್ದ.